ಬಿಚ್ಚು, ಕಳಚು, ಬಿಡಿಸು: ಹಳೆಯ ಕಾರಿನ ಕಾರ್ಬುರೇಟರ್ ತೆಗೆದ ಪಾಠ

ಕಾರ್ಬುರೇಟರ್ ಎಂಬ ಪದವನ್ನು ನಮ್ಮ ಶಾಲೆಯ ಈಗಿನ ಮಕ್ಕಳು ಕೇಳಿರುವುದೇ ಅಪರೂಪ. ಈ ದೇಶದಲ್ಲಿ 1993ರ ಸುಮಾರಿಗೆ ಹೊಸ ಪೆಟ್ರೋಲ್ ಕಾರುಗಳಿಂದ ಅದು ಮರೆಯಾಯಿತು. ಭಾರತದಲ್ಲಿ ಕಾರುಗಳಿಂದ 2000ದ ಆಸುಪಾಸಿನಲ್ಲಿ ಹೋಯಿತಾದರೂ ಸ್ಕೂಟರ್, ಬೈಕುಗಳಲ್ಲಿ 2020ರ ಬಿಎಸ್-6 ನಿಯಮ ಬರುವವರೆಗೂ ಬಹುಮಟ್ಟಿಗೆ ಉಳಿದಿತ್ತು. ಆದ್ದರಿಂದ ಅಪ್ಪಂದಿರಿಗೆ ಗೊತ್ತಿದೆ, ತಾತಂದಿರಿಗೆ ಇನ್ನೂ ಚೆನ್ನಾಗಿ ಗೊತ್ತಿದೆ, ಮಕ್ಕಳಿಗೆ ಮಾತ್ರ ಗೊತ್ತಿಲ್ಲ. ಇಂತಹ ಒಂದು ವಸ್ತು ಕನ್ನಡ ಪಾಠದ ಪುಟಕ್ಕೆ ಏಕೆ ಬಂತು ಎಂದು ಪೋಷಕರು ಕೇಳಬಹುದು. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ನಮ್ಮ ದೊಡ್ಡ ಮಕ್ಕಳ ತರಗತಿಯಲ್ಲಿ ಹೆಚ್ಚಿನವರಿಗೆ ಕನ್ನಡ ಅರ್ಥವಾಗುತ್ತದೆ. "ಊಟಕ್ಕೆ ಬಾ", "ಚಪ್ಪಲಿ ಬಿಡು", "ಎಷ್ಟು ಸಲ ಹೇಳಬೇಕು" ಎಂಬಂತಹ ಮಾತುಗಳು ಚೆನ್ನಾಗಿಯೇ ಬರುತ್ತವೆ. ಆದರೆ ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿ ಎಂದರೆ ಎರಡನೆಯ ವಾಕ್ಯಕ್ಕೇ ಇಂಗ್ಲಿಷಿಗೆ ಜಾರುತ್ತಾರೆ. ಅವರ ಕನ್ನಡ ಅಡುಗೆಮನೆಯಲ್ಲಿ ಮತ್ತು ಬೈಗುಳದಲ್ಲಿ ಬೆಳೆದಿದೆ, ಕೆಲಸದಲ್ಲಿ ಬೆಳೆದಿಲ್ಲ. ಇದೇ ಹೊತ್ತಿಗೆ ಪೋಷಕರೊಬ್ಬರು ತಮ್ಮ 1967ರ ಮಾರಿಸ್ ಮೈನರ್ ಕಾರಿನಲ್ಲಿ ಪೆಟ್ರೋಲ್ ವಾಸನೆ ಬರುತ್ತಿದೆ, ಕಾರ್ಬುರೇಟರನ್ನು ತಾವೇ ಬಿಚ್ಚಿ ನೋಡಬೇಕೆಂದಿದ್ದೇವೆ, ಇದು ತಮಗೂ ಮೊದಲ ಸಲ ಎಂದರು. ವಾಸನೆ ನಿಲ್ಲದಿದ್ದರೆ ಕಾರನ್ನು ಮಾರಿಬಿಡುವುದೆಂದು ಅವರ ಮನೆಯಲ್ಲಿ ತೀರ್ಮಾನವಾಗಿತ್ತು. ನಾವು ಒಂದು ಶನಿವಾರದ ತರಗತಿಯನ್ನು ಅವರ ಮನೆಯ ಮುಂದಿನ ಅಂಗಳದಲ್ಲೇ ನಡೆಸಿದೆವು. ಪಾನ ಹಿಡಿಯುವುದು ದೊಡ್ಡವರ ಕೆಲಸ. ನೋಡಿ, ಚಿತ್ರ ಬರೆದು, ಚೀಟಿ ಅಂಟಿಸಿ, ಪ್ರತಿಯೊಂದು ಹೆಜ್ಜೆಯನ್ನೂ ಕನ್ನಡದಲ್ಲಿ ದಾಖಲಿಸುವುದು ಮಕ್ಕಳ ಕೆಲಸ.

ಕಾರ್ಬುರೇಟರ್ ಮಾಡುವ ಕೆಲಸವೇನು?

ಪೆಟ್ರೋಲ್ ದ್ರವರೂಪದಲ್ಲಿ ಸರಿಯಾಗಿ ಉರಿಯುವುದಿಲ್ಲ. ಅದನ್ನು ಸಣ್ಣ ಹನಿಗಳಾಗಿ ಒಡೆದು ಗಾಳಿಯಲ್ಲಿ ಬೆರೆಸಬೇಕು. ತೂಕದಲ್ಲಿ ಹೇಳುವುದಾದರೆ ಒಂದು ಭಾಗ ಪೆಟ್ರೋಲಿಗೆ ಸುಮಾರು 15 ಭಾಗ ಗಾಳಿ ಬೇಕು. ಗಾಳಿ ಹಗುರವಾದ್ದರಿಂದ ಅಳತೆಯಲ್ಲಿ ಅದು ಬಹಳವಾಗುತ್ತದೆ: ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ! ಇವೆರಡನ್ನೂ ಹದವಾಗಿ ಬೆರೆಸಿ ಎಂಜಿನ್ನಿಗೆ ಕಳುಹಿಸುವ ಉಪಕರಣವೇ ಕಾರ್ಬುರೇಟರ್.

ಊರಿನ ಮನೆಗಳಲ್ಲಿ ಸೊಳ್ಳೆ ಔಷಧಿ ಹೊಡೆಯುವ ತಗಡಿನ ಪಂಪು ಇರುತ್ತಿತ್ತು. ಹಿಡಿಯನ್ನು ತಳ್ಳಿದರೆ ಗಾಳಿ ಒಂದು ಸಣ್ಣ ಕೊಳವೆಯ ಬಾಯಿಯ ಮೇಲೆ ರಭಸದಿಂದ ಹಾದುಹೋಗುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗಿ ಡಬ್ಬಿಯಲ್ಲಿನ ಔಷಧಿ ತಾನಾಗಿ ಮೇಲೇರಿ ತುಂತುರಾಗುತ್ತದೆ. ಕಾರ್ಬುರೇಟರಿನ ತತ್ತ್ವವೂ ಇದೇ. ವ್ಯತ್ಯಾಸವೆಂದರೆ ಇಲ್ಲಿ ಗಾಳಿಯನ್ನು ಯಾರೂ ತಳ್ಳುವುದಿಲ್ಲ, ಎಂಜಿನ್ನೇ ಉಸಿರೆಳೆದುಕೊಳ್ಳುತ್ತದೆ.

ಮಾರಿಸ್ ಮೈನರಿನಲ್ಲಿ ಇರುವುದು ಎಸ್.ಯು. ಕಾರ್ಬುರೇಟರ್. ಇದರ ಜಾಣತನ ನೋಡಬೇಕಾದದ್ದು. ಗಾಳಿ ಹೋಗುವ ಗಂಟಲಿಗೆ ಅಡ್ಡವಾಗಿ ಒಂದು ಪಿಸ್ಟನ್ ನಿಂತಿರುತ್ತದೆ. ಎಂಜಿನ್ ಹೆಚ್ಚು ಗಾಳಿ ಎಳೆದಷ್ಟೂ ಪಿಸ್ಟನ್ ತಾನಾಗಿ ಮೇಲಕ್ಕೇಳುತ್ತದೆ, ಗಂಟಲು ಅಗಲವಾಗುತ್ತದೆ. ಪಿಸ್ಟನ್ನಿನ ತಳದಲ್ಲಿ ಚೂಪಾದ ಒಂದು ಸೂಜಿ ಇದ್ದು ಅದು ಪೆಟ್ರೋಲ್ ಬರುವ ರಂಧ್ರದೊಳಗೆ ಇಳಿಬಿದ್ದಿರುತ್ತದೆ. ಸೂಜಿ ಮೇಲಕ್ಕೆ ಬಂದಷ್ಟೂ ಅದರ ಸಪೂರ ಭಾಗ ರಂಧ್ರದಲ್ಲಿ ನಿಲ್ಲುವುದರಿಂದ ಹೆಚ್ಚು ಪೆಟ್ರೋಲ್ ಬರುತ್ತದೆ. ಹೀಗೆ ಗಾಳಿ ಹೆಚ್ಚಿದಾಗ ಪೆಟ್ರೋಲೂ ತಾನಾಗಿ ಹೆಚ್ಚುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ.

ಪಕ್ಕದಲ್ಲಿ ಒಂದು ಬಟ್ಟಲು ಇದೆ, ಅದಕ್ಕೆ ಫ್ಲೋಟ್ ಚೇಂಬರ್ ಎಂದು ಹೆಸರು. ನಮ್ಮ ಫ್ಲಶ್ ಟ್ಯಾಂಕಿನಲ್ಲಿ ನೀರು ತುಂಬಿದಾಗ ತೇಲುವ ಬುರುಡೆ ಮೇಲೆದ್ದು ನಲ್ಲಿಯನ್ನು ಮುಚ್ಚುವುದಿಲ್ಲವೇ, ಇಲ್ಲಿಯೂ ಹಾಗೆಯೇ. ಬಟ್ಟಲಲ್ಲಿ ಪೆಟ್ರೋಲ್ ತುಂಬಿದಾಗ ಬುರುಡೆ ಮೇಲೆದ್ದು ಒಂದು ಚಿಕ್ಕ ಕವಾಟವನ್ನು ಮುಚ್ಚುತ್ತದೆ. ಇದನ್ನು ಮಕ್ಕಳು ನೆನಪಿಟ್ಟುಕೊಳ್ಳಲಿ, ಕಾರಿನ ಕಾಯಿಲೆ ಕೊನೆಗೆ ಸಿಕ್ಕಿದ್ದು ಇಲ್ಲಿಯೇ.

ಮಾದರಿಯ ಹೆಸರಿನಲ್ಲೂ ಒಂದು ಲೆಕ್ಕ ಅಡಗಿದೆ. ನಾವು ತೆಗೆದದ್ದು ಎಚ್.ಎಸ್.2. ಕೊನೆಯ ಅಂಕಿ, ಗಂಟಲಿನ ಅಗಲ ಒಂದು ಇಂಚಿಗಿಂತ ಎಂಟನೇ ಒಂದರ ಎಷ್ಟು ಪಾಲು ಹೆಚ್ಚು ಎಂಬುದನ್ನು ತಿಳಿಸುತ್ತದೆ. 2 ಎಂದರೆ ಎಂಟನೇ ಎರಡು, ಅಂದರೆ ಕಾಲು. ಆದ್ದರಿಂದ ಗಂಟಲು ಒಂದೂಕಾಲು ಇಂಚು. ಹಾಗಾದರೆ ಎಚ್.ಎಸ್.4 ಎಷ್ಟು, ಎಚ್.ಎಸ್.6 ಎಷ್ಟು? ಉತ್ತರ ಒಂದೂವರೆ, ಒಂದೂಮುಕ್ಕಾಲು. ಕಾಲು, ಅರೆ, ಮುಕ್ಕಾಲು ಎಂಬ ಪದಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಈವರೆಗೆ ಸಿಕ್ಕಿರಲಿಲ್ಲ.

ನಮ್ಮ ಊರಿನ ವಸ್ತು

ಎಸ್.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಮತ್ತು ಅವರ ತಮ್ಮ ಥಾಮಸ್ ಕಾರ್ಲೈಲ್ ಸ್ಕಿನ್ನರ್ ಇಬ್ಬರೂ ಸೇರಿ ಕಟ್ಟಿದ ಕಂಪನಿ ಅದು, 1910ರಲ್ಲಿ ಸ್ಥಾಪನೆಯಾಯಿತು. ಸ್ಕಿನ್ನರ್ ಕುಟುಂಬದ್ದು ಚಪ್ಪಲಿ, ಬೂಟುಗಳ ವ್ಯಾಪಾರ, ಲಿಲಿ ಅಂಡ್ ಸ್ಕಿನ್ನರ್ ಎಂಬ ಹೆಸರಿನ ಅಂಗಡಿಗಳು. ಅವರ ಮೊದಲ ಕಾರ್ಬುರೇಟರುಗಳಲ್ಲಿ ಲೋಹದ ಪಿಸ್ಟನ್ ಇರಲಿಲ್ಲ, ಅದರ ಬದಲು ಚರ್ಮದ ತಿದಿ ಇತ್ತು. ತಿದಿ ಎಂದರೆ ಕಮ್ಮಾರ ಕುಲುಮೆಗೆ ಗಾಳಿ ಊದುವ ಚರ್ಮದ ಚೀಲ. ಚರ್ಮದ ವ್ಯಾಪಾರದ ಮನೆಯವರಿಗೆ ಚರ್ಮವೇ ಮೊದಲು ಕೈಗೆ ಸಿಕ್ಕಿದ್ದು ಆಶ್ಚರ್ಯವಲ್ಲ!

1926ರಲ್ಲಿ ವಿಲಿಯಂ ಮಾರಿಸ್ ಈ ಕಂಪನಿಯನ್ನು ಕೊಂಡರು. ಆಮೇಲೆ ತಯಾರಿಕೆ ಬರ್ಮಿಂಗ್‌ಹ್ಯಾಮಿನ ಆಡರ್ಲಿ ಪಾರ್ಕಿಗೆ ಬಂತು, ಯುದ್ಧದ ನಂತರದ ವರ್ಷಗಳಲ್ಲಿ ಎರ್ಡಿಂಗ್ಟನ್ನಿನ ವುಡ್ ಲೇನಿನಲ್ಲಿ ನಡೆಯಿತು. ಮಕ್ಕಳಲ್ಲಿ ಕೆಲವರು ದಿನವೂ ಬಸ್ಸಿನಲ್ಲಿ ಹಾದುಹೋಗುವ ಜಾಗಗಳು ಇವು. ಆ ಕಾರ್ಖಾನೆಗಳು ಈಗಿಲ್ಲ. ಎಸ್.ಯು. ಭಾಗಗಳನ್ನು ಈಗ ಸಾಲ್ಸ್‌ಬರಿಯ ಒಂದು ಕಂಪನಿ ತಯಾರಿಸುತ್ತದೆ.

ಕಾರ್ಬುರೇಟರಿನ ಕಥೆಯಲ್ಲಿ ಮ್ಯಾಂಚೆಸ್ಟರಿಗೂ ಒಂದು ಪಾಲಿದೆ. ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನ್ನಿಗೆ ಎಸ್.ಯು. ಕಾರ್ಬುರೇಟರ್ ಇತ್ತು. ವಿಮಾನ ಥಟ್ಟನೆ ಮೂತಿ ತಗ್ಗಿಸಿ ಧುಮುಕಿದಾಗ ಬಟ್ಟಲಿನ ಪೆಟ್ರೋಲ್ ಮೇಲಕ್ಕೆ ಎರಚಿಕೊಂಡು, ಮೊದಲು ಎಂಜಿನ್ನಿಗೆ ಪೆಟ್ರೋಲ್ ಸಿಗದೆ, ಮರುಕ್ಷಣ ವಿಪರೀತ ಸಿಕ್ಕಿ ಎಂಜಿನ್ ಉಸಿರುಗಟ್ಟುತ್ತಿತ್ತು. ಜರ್ಮನ್ ವಿಮಾನಗಳಿಗೆ ಈ ತೊಂದರೆ ಇರಲಿಲ್ಲ, ಅವುಗಳಲ್ಲಿ ಪೆಟ್ರೋಲನ್ನು ನೇರವಾಗಿ ಚಿಮ್ಮಿಸುವ ವ್ಯವಸ್ಥೆ ಇತ್ತು. ಇದಕ್ಕೆ ತಕ್ಷಣದ ಪರಿಹಾರ ಕಂಡುಹಿಡಿದವರು ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ 1932ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದವರು, ಫಾರ್ನ್‌ಬರೋದ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದರು. ನಡುವೆ ತೂತಿರುವ ಒಂದು ಪುಟ್ಟ ಲೋಹದ ಬಿಲ್ಲೆಯನ್ನು ಪೆಟ್ರೋಲ್ ದಾರಿಯಲ್ಲಿ ಇಟ್ಟು, ಎಂಜಿನ್ನಿಗೆ ಬೇಕಾದಷ್ಟೇ ಹೋಗುವಂತೆ ಮಾಡಿದರು. 1941ರಲ್ಲಿ ಅದನ್ನು ವಿಮಾನಗಳಿಗೆ ಅಳವಡಿಸಲಾಯಿತು. ಈಕೆ ಮೋಟಾರ್ ಸೈಕಲ್ ಪಂದ್ಯಗಳಲ್ಲೂ ಹೆಸರು ಮಾಡಿದವರು. ನಮ್ಮ ತರಗತಿಯ ಹುಡುಗಿಯರು ಈ ಹೆಸರನ್ನು ಬರೆದಿಟ್ಟುಕೊಂಡಿದ್ದಾರೆ, ಹುಡುಗರೂ ಬರೆದಿಟ್ಟುಕೊಳ್ಳಬಹುದು.

ಕರ್ನಾಟಕಕ್ಕೆ ಬಂದರೆ, ನಿಮ್ಮ ತಾತನವರು ಓಡಿಸಿದ ಅಂಬಾಸಿಡರ್ ಈ ಮಾರಿಸ್ ಮನೆತನದ್ದೇ. ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಿಡರ್ ಎಂಬ ಹೆಸರಿನಲ್ಲಿ ತಯಾರಿಸಿತು. 1950ರ ದಶಕದ ಕೊನೆಯಲ್ಲಿ ಶುರುವಾದ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಅದಕ್ಕೂ ಮೊದಲು ಮಾರಿಸ್ ಮೈನರ್ ಕೂಡ ಅಲ್ಲಿ 'ಬೇಬಿ ಹಿಂದೂಸ್ತಾನ್' ಆಗಿ ಬಂದಿತ್ತು. ಆದ್ದರಿಂದ ಇಲ್ಲಿನ ಅಂಗಳದಲ್ಲಿ ನಿಂತ ಕಾರು ಊರಿನ ಕಾರಿಗೆ ದೊಡ್ಡಪ್ಪನ ಮಗ ಎನ್ನಬಹುದು.

ಬಿಚ್ಚುವ ಮೊದಲು ಬಿಡಿಸುವುದು

ಮೊದಲ ಸಲ ಕಾರ್ಬುರೇಟರ್ ತೆಗೆಯುವವರಿಗೆ ಕಷ್ಟವಾಗುವುದು ನಟ್ಟು ಬಿಚ್ಚುವುದಲ್ಲ. ಬಿಚ್ಚುವುದು ಒಂದು ಗಂಟೆಯ ಕೆಲಸ. ಯಾವುದು ಎಲ್ಲಿತ್ತು, ಯಾವುದರ ಹಿಂದೆ ಯಾವುದು ಇತ್ತು, ಸ್ಪ್ರಿಂಗಿನ ಕೊಕ್ಕೆ ಯಾವ ತೂತಿನಲ್ಲಿತ್ತು ಎಂಬುದು ಎರಡು ವಾರ ಕಳೆದ ಮೇಲೆ ನೆನಪಿರುವುದಿಲ್ಲ, ಕಷ್ಟ ಅಲ್ಲಿದೆ. ಆದ್ದರಿಂದ ಪಾನ ಮುಟ್ಟುವ ಮೊದಲು ಮಕ್ಕಳು ಚಿತ್ರ ಬಿಡಿಸಿದರು. ಕನ್ನಡದ ಸೊಗಸು ನೋಡಿ: ಚಿತ್ರವನ್ನೂ ಬಿಡಿಸುತ್ತೇವೆ, ಅಂಟಿಕೊಂಡದ್ದನ್ನೂ ಬಿಡಿಸುತ್ತೇವೆ, ಲೆಕ್ಕವನ್ನೂ ಬಿಡಿಸುತ್ತೇವೆ, ಜಗಳವನ್ನೂ ಬಿಡಿಸುತ್ತೇವೆ. ಮೊಬೈಲಿನಲ್ಲಿ ಫೋಟೋ ತೆಗೆದರೆ ಸಾಲದೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಫೋಟೋ ಕೂಡ ತೆಗೆದೆವು. ಆದರೆ ಫೋಟೋದಲ್ಲಿ ಹಿಂದೆ ಮರೆಯಾದದ್ದು ಕಾಣುವುದಿಲ್ಲ. ಚಿತ್ರ ಬಿಡಿಸುವವನು ಬಗ್ಗಿ ನೋಡಿ, ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳಲೇಬೇಕಾಗುತ್ತದೆ.

ಸುರಕ್ಷತೆಯ ಮಾತನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೂ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ, ಆದ್ದರಿಂದ "ಇಲ್ಲಿ ಚಳಿ, ಏನೂ ಆಗುವುದಿಲ್ಲ" ಎನ್ನುವಂತಿಲ್ಲ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಈ ದೇಶದ ಅನೇಕ ಮನೆಗಳಲ್ಲಿ ಗ್ಯಾರೇಜಿನಲ್ಲೇ ಬಾಯ್ಲರ್ ಇರುತ್ತದೆ. ಹಾಗಾಗಿ ಮುಚ್ಚಿದ ಗ್ಯಾರೇಜಿನಲ್ಲಿ ಈ ಕೆಲಸ ಸಲ್ಲದು, ಬಯಲಿನಲ್ಲೇ ಮಾಡಬೇಕು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬೆಂಕಿ ಆರಿಸುವ ಸಾಧನ ಕೈಗೆಟಕುವಂತೆ ಇರಬೇಕು, ಕಾರಿನ ಡಿಕ್ಕಿಯೊಳಗೆ ಅಲ್ಲ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಮಕ್ಕಳು ಒಂದು ಸೀಮೆಸುಣ್ಣದ ಗೆರೆಯ ಆಚೆ ನಿಂತರು, ಹತ್ತಿರ ನೋಡಬೇಕೆಂದವರು ಒಬ್ಬೊಬ್ಬರಾಗಿ ಕರೆದಾಗ ಬಂದರು.

ಹೆಜ್ಜೆ ಹೆಜ್ಜೆಯಾಗಿ

ಮೊದಲು ಬ್ಯಾಟರಿ. ಕಾರಿನ ಮೈಗೆ ಸೇರಿದ ತಂತಿಯನ್ನೇ ಮೊದಲು ಬಿಚ್ಚಬೇಕು. ಇನ್ನೊಂದನ್ನು ಮೊದಲು ಬಿಚ್ಚಲು ಹೋಗಿ ಪಾನ ಎಲ್ಲಾದರೂ ಕಾರಿನ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಈಗಿನ ಕಾರುಗಳಲ್ಲಿ ಮೈಗೆ ಸೇರಿರುವುದು ಋಣ ತುದಿ. ಮಾರಿಸ್ ಮೈನರಿನಲ್ಲಿ ಅದು ಧನ ತುದಿ! ವಿಜ್ಞಾನದಲ್ಲಿ ಧನ, ಋಣ ಎಂದು ಬಾಯಿಪಾಠ ಮಾಡಿದ ಮಕ್ಕಳು ಇಲ್ಲಿ ಒಮ್ಮೆ ನಿಂತು ಯೋಚಿಸಬೇಕಾಯಿತು. ಬ್ಯಾಟರಿ ತಂತಿ ಬಿಚ್ಚಲು ಇನ್ನೊಂದು ಕಾರಣವೂ ಇದೆ. ಈ ಕಾರಿನ ಪೆಟ್ರೋಲ್ ಪಂಪು ವಿದ್ಯುತ್ತಿನದು, ಬೀಗದ ಕೈ ತಿರುಗಿಸಿದ ಕೂಡಲೇ ಟಿಕ್ ಟಿಕ್ ಎಂದು ಪೆಟ್ರೋಲ್ ತಳ್ಳಲು ಶುರು ಮಾಡುತ್ತದೆ. ಕೊಳವೆ ಬಿಚ್ಚಿದ ಮೇಲೆ ಯಾರಾದರೂ ಮರೆತು ಬೀಗದ ಕೈ ತಿರುಗಿಸಿದರೆ ಪೆಟ್ರೋಲ್ ಎಂಜಿನ್ನಿನ ಮೇಲೆಲ್ಲ ಹರಿಯುತ್ತದೆ.

ಆಮೇಲೆ ಗಾಳಿ ಸೋಸುವ ಡಬ್ಬಿ, ಅಂದರೆ ಏರ್ ಫಿಲ್ಟರ್. ಅದನ್ನು ಬಿಚ್ಚಿ ಎತ್ತಿ ಇಟ್ಟೆವು. ಈಗ ಕಾರ್ಬುರೇಟರಿನ ಗಂಟಲು ತೆರೆದುಕೊಂಡಿತು. ಅದರೊಳಗೆ ಏನೂ ಬೀಳದಂತೆ ಎಳೆ ಬಿಡದ ಒಂದು ಶುಭ್ರ ಬಟ್ಟೆ ತುರುಕಬೇಕು.

ಮೂರನೆಯದು ಪೆಟ್ರೋಲ್ ಕೊಳವೆ. ಕ್ಲಿಪ್ಪನ್ನು ಸಡಿಲಿಸಿ, ಕೆಳಗೆ ಒಂದು ಲೋಹದ ಡಬ್ಬಿ ಹಿಡಿದು, ಕೊಳವೆಯನ್ನು ಮೆಲ್ಲಗೆ ಜಗ್ಗಿ ಕಳಚಿ, ಅದರ ಬಾಯಿಗೆ ಸರಿಹೊಂದುವ ಶುಭ್ರವಾದ ಬೋಲ್ಟು ಸಿಕ್ಕಿಸಿ ಮುಚ್ಚಿದರು. ಆಮೇಲೆ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಪೂರ ಕೊಳವೆ. ಇದನ್ನು ಕಳಚುವಾಗ ಬಲ ಕೂಡದು, ವಯಸ್ಸಾದ ರಬ್ಬರು ಸೀಳುತ್ತದೆ.

ಇನ್ನು ಎರಡು ತಂತಿಗಳು: ಒಂದು ಆಕ್ಸಿಲರೇಟರಿನದು, ಇನ್ನೊಂದು ಚೋಕಿನದು. ಎರಡೂ ನೋಡಲು ಒಂದೇ ಥರ. ಇಲ್ಲಿ ಚೀಟಿ ಅಂಟಿಸದಿದ್ದರೆ ಮರುಜೋಡಣೆಯ ದಿನ ತಲೆ ಕೆರೆದುಕೊಳ್ಳಬೇಕಾಗುತ್ತದೆ. "ಅಂಕಲ್, ಎಳೆಯೋದು, ಉಸಿರಾಡೋದು ಅಂತ ಬರೀಲಾ?" ಎಂದು ಒಬ್ಬಳು ಕೇಳಿದಳು. "ಬರಿ ಪುಟ್ಟಿ, ನಿನಗೆ ಅರ್ಥ ಆದರೆ ಸಾಕು, ನನಗೂ ಆಗುತ್ತೆ" ಎಂದರು ಅವರು. ತಂತಿಯ ತುದಿಯನ್ನು ಹಿಡಿದ ತಿರುಪನ್ನು ಸಡಿಲಿಸುವಾಗ ಎಳೆಗಳು ಬಿಚ್ಚಿಕೊಳ್ಳದಂತೆ ನೋಡಬೇಕು. ಒಂದು ಎಳೆ ಕವಲೊಡೆದರೂ ಮತ್ತೆ ಆ ಸಣ್ಣ ತೂತಿನಲ್ಲಿ ಪೋಣಿಸುವುದು ಸೂಜಿಗೆ ದಾರ ಪೋಣಿಸಿದ್ದಕ್ಕಿಂತ ಕಷ್ಟ. ಸ್ಪ್ರಿಂಗನ್ನು ಇಕ್ಕಳದಿಂದ ಬಿಡಿಸುವಾಗ ಇನ್ನೊಂದು ಕೈಯನ್ನು ಅದರ ಮೇಲೆ ಮರೆ ಹಿಡಿಯಬೇಕು, ಇಲ್ಲದಿದ್ದರೆ ಚಿಮ್ಮಿ ಹೋಗುತ್ತದೆ.

ಈಗ ಕಾರ್ಬುರೇಟರನ್ನು ಹಿಡಿದಿರುವುದು ಎರಡೇ ನಟ್ಟು. ಹಿಂದಿನ ರಾತ್ರಿಯೇ ಅವಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದರು. ಇವು ಅರ್ಧ ಇಂಚಿನ ಪಾನದ ನಟ್ಟುಗಳು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಮನೆಯಲ್ಲಿ 13ರ ಪಾನ ಇದೆಯಲ್ಲ, ಸಾಲದೇ ಎಂದು ಅನ್ನಿಸುತ್ತದೆ. 0.3 ಮಿಲಿಮೀಟರ್ ಸಡಿಲ, ಬಿಗಿಯಾದ ನಟ್ಟಿನ ಮೂಲೆಗಳನ್ನು ಸವೆಸಲು ಅಷ್ಟು ಸಾಕು. ಮೂಲೆ ಸವೆದ ನಟ್ಟು ಯಾವ ಪಾನಕ್ಕೂ ಸಿಗುವುದಿಲ್ಲ. ಹಿಂದಿನ ನಟ್ಟಿಗೆ ಪಾನ ತಿರುಗಿಸಲು ಜಾಗವೇ ಇಲ್ಲ, ಒಂದು ಸಲಕ್ಕೆ ಹನ್ನೆರಡನೇ ಒಂದು ಸುತ್ತು ಮಾತ್ರ. ಮಕ್ಕಳು ಎಣಿಸಿದರು, ಅರವತ್ತರ ನಂತರ ಎಣಿಕೆ ತಪ್ಪಿತು. ಕಾರ್ಬುರೇಟರಿನ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು, ಸುತ್ತಿಗೆಯ ಮಾತೇ ಇಲ್ಲ. ನಟ್ಟು, ವಾಷರುಗಳನ್ನು ಮಫಿನ್ ಮಾಡುವ ಗುಳಿಗಳ ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಟ್ಟೆವು. ಆ ತಟ್ಟೆ ಅಡುಗೆಮನೆಗೆ ಮತ್ತೆ ಹೋಗಲಿಲ್ಲ ಎಂದು ಕೇಳಿದ್ದೇವೆ.

ಕೊನೆಗೆ ಕಾರ್ಬುರೇಟರನ್ನು ನೆಟ್ಟಗೆ, ತುಂಬಿದ ಬಟ್ಟಲು ಹಿಡಿದಂತೆ, ಮುಂದಕ್ಕೆ ಎಳೆದು ಎತ್ತಬೇಕು. ಓರೆ ಮಾಡಿದರೆ ಬಟ್ಟಲಿನ ಪೆಟ್ರೋಲೂ, ಮೇಲಿನ ಕೊಳವೆಯಲ್ಲಿ ಪಿಸ್ಟನ್ನಿನ ಕುಣಿತ ತಡೆಯಲು ಹಾಕಿರುವ ಎಣ್ಣೆಯೂ ಚೆಲ್ಲುತ್ತವೆ. ಎತ್ತಿದ ಕೂಡಲೇ ಎಂಜಿನ್ನಿನ ಕಡೆಯ ಬಾಯಿಯನ್ನು ಮುಚ್ಚಬೇಕು. ಅಲ್ಲಿ ಒಂದು ವಾಷರ್ ಬಿದ್ದರೆ ಅದು ನೇರ ಸಿಲಿಂಡರಿಗೆ ಹೋಗಬಹುದು, ಆಗ ಒಂದು ಗಂಟೆಯ ಕೆಲಸ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ನಡುವಿನ ತೆಳು ಹಾಳೆ, ಮೆಕ್ಯಾನಿಕ್ಕುಗಳು ಪ್ಯಾಕಿಂಗ್ ಎನ್ನುವುದು, ಎರಡೂ ಕಡೆ ಅಂಟಿಕೊಂಡು ಹರಿದು ಬಂತು. ಉಳಿದದ್ದನ್ನು ಹಲಸಿನ ತೊಳೆ ಬಿಡಿಸುವ ತಾಳ್ಮೆಯಲ್ಲಿ ಬಿಡಿಸಿದರು. ಡಬ್ಬಿಯಲ್ಲಿ ಹಿಡಿದ ಪೆಟ್ರೋಲನ್ನು ಚರಂಡಿಗೆ ಸುರಿಯಲು ಕಾನೂನು ಒಪ್ಪುವುದಿಲ್ಲ. ಎಲ್ಲಿ ತೆಗೆದುಕೊಳ್ಳುತ್ತಾರೆ ಎಂದು ಕೌನ್ಸಿಲ್ಲಿನಲ್ಲಿ ಕೇಳಬೇಕು.

ಭಾಷೆಯ ಪಾಠ

ಇಂಗ್ಲಿಷಿನಲ್ಲಿ ಈ ಎಲ್ಲಕ್ಕೂ 'ರಿಮೂವ್' ಎಂಬ ಒಂದೇ ಪದ ಸಾಕಾಗುತ್ತದೆ. ಕನ್ನಡ ಹಾಗೆ ಬಿಡುವುದಿಲ್ಲ, ಅದು ಹೇಗೆ ಹಿಡಿದುಕೊಂಡಿತ್ತು ಎಂದು ಕೇಳುತ್ತದೆ. ಗಂಟು, ಗುಂಡಿ, ನಟ್ಟು ಹೀಗೆ ಕಟ್ಟಿ ಬಿಗಿದದ್ದನ್ನು ಬಿಚ್ಚುತ್ತೇವೆ. ಬಳೆ, ಕೊಂಡಿ, ಕೊಳವೆ ಹೀಗೆ ತೊಡಿಸಿದ್ದನ್ನು ಕಳಚುತ್ತೇವೆ. ಹಲ್ಲು, ಮೊಳೆ, ಕಳೆ ಹೀಗೆ ನೆಟ್ಟು ನಿಂತದ್ದನ್ನು ಕೀಳುತ್ತೇವೆ. ಅಂಟಿದ್ದನ್ನೂ ಸಿಕ್ಕಾದದ್ದನ್ನೂ ಬಿಡಿಸುತ್ತೇವೆ. ಚಪ್ಪಲಿಯನ್ನು ಮಾತ್ರ ಸುಮ್ಮನೆ ಬಿಡುತ್ತೇವೆ. ಮಕ್ಕಳು ಈ ಪದಗಳನ್ನು ಪುಸ್ತಕದಲ್ಲಿ ಓದಿದ್ದರು. ಪೆಟ್ರೋಲ್ ಕೊಳವೆಯನ್ನು 'ಕಿತ್ತರು' ಎಂದು ಒಬ್ಬ ಬರೆದಾಗ ಕಾರಿನ ಯಜಮಾನರೇ "ಅಯ್ಯೋ, ಕೀಳಬೇಡ ಕಣೋ, ಕಳಚು, ಹರಿದುಹೋಗುತ್ತೆ" ಎಂದರು. ಆ ವ್ಯತ್ಯಾಸವನ್ನು ನಾವು ಹಲಗೆಯ ಮೇಲೆ ಮೂರು ವಾರ ಬರೆದರೂ ಅಷ್ಟು ಚೆನ್ನಾಗಿ ಹೇಳಲಾಗುತ್ತಿರಲಿಲ್ಲ.

ಎರಡನೆಯ ವಿಷಯ ವಾಕ್ಯದ ಕಟ್ಟು. "ಸಡಿಲಿಸಿ, ಕಳಚಿ, ಮುಚ್ಚಿ, ಎತ್ತಿದರು" ಎಂಬ ವಾಕ್ಯದಲ್ಲಿ ಸಡಿಲಿಸಿ, ಕಳಚಿ, ಮುಚ್ಚಿ ಎಂಬವು ಕೃದಂತಾವ್ಯಯಗಳು. ಇವು ಎಷ್ಟು ಬೇಕಾದರೂ ಬರಬಹುದು, ವಾಕ್ಯವನ್ನು ಮುಗಿಸುವ ಕ್ರಿಯಾಪದ ಮಾತ್ರ ಒಂದೇ. ಕೆಲಸ ನಡೆದ ಕ್ರಮದಲ್ಲೇ ಇವು ನಿಲ್ಲಬೇಕು. ಇಂಗ್ಲಿಷಿನಲ್ಲಿ ಯೋಚಿಸುವ ಮಕ್ಕಳು "ಕೊಳವೆಯನ್ನು ಕಳಚಿದರು ಬ್ಯಾಟರಿ ತಂತಿ ಬಿಚ್ಚಿದ ಮೇಲೆ" ಎಂದು ಬರೆಯುತ್ತಾರೆ. ಅರ್ಥವಾಗುತ್ತದೆ, ಆದರೆ ಮುಂದೆ ಆಗುವುದು ಮೊದಲೇ ಬಂದುಬಿಟ್ಟಿತು. ಇನ್ನೊಬ್ಬಳು "ಕೊಳವೆ ಕಳಚಿ ಬ್ಯಾಟರಿ ತಂತಿ ಬಿಚ್ಚಿದರು" ಎಂದು ಬರೆದಳು. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಹಾಗೆಯೇ ಮಾಡಿದರೆ ಪೆಟ್ರೋಲ್ ತೆರೆದಿರುವಾಗ ಬ್ಯಾಟರಿಯ ಬಳಿ ಕಿಡಿ ಹಾರಬಹುದು! ನಮ್ಮ ತರಗತಿಯಲ್ಲಿ ಪದಗಳ ಕ್ರಮಕ್ಕೆ ಇಷ್ಟು ಬೆಲೆ ಬಂದದ್ದು ಅದೇ ಮೊದಲು.

ಮರುಜೋಡಣೆಗೆ ಈ ವಾಕ್ಯಗಳನ್ನೇ ಕೊನೆಯಿಂದ ಓದಬೇಕು, ಕ್ರಿಯಾಪದಗಳನ್ನು ತಿರುಗಿಸಬೇಕು: ಎತ್ತಿದ್ದನ್ನು ಇಟ್ಟು, ಬಿಚ್ಚಿದ್ದನ್ನು ಬಿಗಿದು, ಕಳಚಿದ್ದನ್ನು ತೊಡಿಸಿ. ಬಿಡಿಸಿದ ಪ್ಯಾಕಿಂಗಿಗೆ ಮಾತ್ರ ವಿರುದ್ಧಪದ ಸಿಗಲಿಲ್ಲ. ಹರಿದದ್ದು ಹರಿದದ್ದೇ, ಹೊಸದನ್ನು ತರಬೇಕು.

ಸಿಕ್ಕಿದ್ದೇನು?

ಬಟ್ಟಲಿನ ಮುಚ್ಚಳ ತೆಗೆದಾಗ ತಳದಲ್ಲಿ ಕಂದು ಬಣ್ಣದ ಕೆಸರು ಕಂಡಿತು. ಪೆಟ್ರೋಲನ್ನು ತಡೆಯುವ ಚಿಕ್ಕ ಕವಾಟದ ತುದಿಯಲ್ಲಿ ಬೆರಳಿನ ಉಗುರಿಗೆ ತಿಳಿಯುವಂತಹ ಒಂದು ಸವೆದ ಬಳೆ ಬಿದ್ದಿತ್ತು. ಅದು ಸರಿಯಾಗಿ ಕೂರದೆ ಬಟ್ಟಲು ತುಂಬಿದ ಮೇಲೂ ಪೆಟ್ರೋಲ್ ಬರುತ್ತಲೇ ಇತ್ತು, ಹೆಚ್ಚಾದದ್ದು ಹೊರಚೆಲ್ಲುವ ಕೊಳವೆಯಿಂದ ತೊಟ್ಟಿಕ್ಕುತ್ತಿತ್ತು. ವಾಸನೆಯ ಕಾರಣ ಅಷ್ಟೇ. ಹೊಸ ಕವಾಟ, ಹೊಸ ಪ್ಯಾಕಿಂಗ್, ಹೊಸ ರಬ್ಬರ್ ಕೊಳವೆ ತರಿಸಿ ಹಾಕಿದರು. ಕೊಳವೆಯನ್ನು ಬದಲಿಸಿದ್ದಕ್ಕೆ ಕಾರಣವಿದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥನಾಲ್ ಇದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಹಾಳು ಮಾಡುತ್ತದೆ. ಇಂತಹ ಕಾರುಗಳಿಗೆ ಎಥನಾಲ್ ಕಡಿಮೆ ಇರುವ ಇ5 ಪೆಟ್ರೋಲನ್ನೇ ಹಾಕುವಂತೆ ಸರಕಾರವೂ ಹೇಳುತ್ತದೆ.

ಪಿಸ್ಟನ್ ಮತ್ತು ಅದರ ಮೇಲಿನ ಗುಮ್ಮಟವನ್ನು ಒಂದಕ್ಕೊಂದು ಹೊಂದಿಸಿಯೇ ತಯಾರಿಸಿರುತ್ತಾರೆ, ಬೇರೆ ಕಾರ್ಬುರೇಟರಿನದರ ಜೊತೆ ಅದಲುಬದಲು ಮಾಡಬಾರದು. ಸೂಜಿ ಒಂದಿಷ್ಟು ಬಾಗಿದರೂ ಕೆಟ್ಟಿತು. ಆದ್ದರಿಂದ ಇವುಗಳನ್ನು ಬಟ್ಟೆಯಿಂದ ಒರೆಸಿ ಹಾಗೆಯೇ ಇಟ್ಟರು.

ಮರುಜೋಡಿಸಿದ ದಿನ ಕಾರು ಮೂರನೆಯ ಸಲಕ್ಕೆ ಸ್ಟಾರ್ಟ್ ಆಯಿತು. ನಿಂತಲ್ಲಿ ಸ್ವಲ್ಪ ತಡವರಿಸುತ್ತಿತ್ತು, ಹದ ಮಾಡಲು ಇನ್ನೊಂದು ಭಾನುವಾರ ಹಿಡಿಯಿತು. ವಾಸನೆ ನಿಂತಿದೆ, ಕಾರು ಮಾರಾಟದ ಮಾತು ಸದ್ಯಕ್ಕೆ ಮನೆಯಲ್ಲಿ ಯಾರೂ ಎತ್ತಿಲ್ಲ.

ಪೋಷಕರಿಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಓದುವ ಮಕ್ಕಳ ಕೈ ಮಸಿಯಾಗಬಾರದು ಎಂಬ ಭಾವನೆ ಇನ್ನೂ ಇದೆ. ನಲ್ಲಿ ಕೆಟ್ಟರೆ, ಸೈಕಲ್ ಚೈನ್ ಬಿದ್ದರೆ ನಾವೇ ಸರಿಮಾಡಿ ಮುಗಿಸುತ್ತೇವೆ, ಅಥವಾ ಫೋನ್ ಮಾಡಿ ಕರೆಸುತ್ತೇವೆ. ಆ ಹತ್ತು ನಿಮಿಷ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮಾಡುವುದನ್ನು ಕನ್ನಡದಲ್ಲಿ ಹೇಳುತ್ತಾ ಮಾಡಿದರೆ ಸಾಕು. ಪಾನ, ತಿರುಪು, ಇಕ್ಕಳ ಎಂಬ ಪದಗಳು ನಿಮಗೇ ಮರೆತಿದ್ದರೆ ಊರಿಗೆ ಫೋನ್ ಮಾಡಿ ಕೇಳಿ. ನಾವು ಕೇಳಿದೆವು, ಒಂದೊಂದು ಮನೆಯಿಂದ ಒಂದೊಂದು ಪದ ಬಂತು.

ಅಭ್ಯಾಸ

1. ಬಿಚ್ಚು, ಕಳಚು, ಕೀಳು, ಬಿಡಿಸು, ಸುಲಿ: ಪ್ರತಿಯೊಂದಕ್ಕೂ ನಿಮ್ಮ ಮನೆಯಲ್ಲಿರುವ ಎರಡೆರಡು ವಸ್ತುಗಳನ್ನು ಹೇಳಿ.

2. ಸೈಕಲ್ಲಿನ ಚಕ್ರ ತೆಗೆಯುವ ಕೆಲಸವನ್ನು ಒಂದೇ ವಾಕ್ಯದಲ್ಲಿ, ಕನಿಷ್ಠ ನಾಲ್ಕು ಕೃದಂತಾವ್ಯಯ ಬಳಸಿ ಬರೆಯಿರಿ. ಬರೆದದ್ದನ್ನು ಮನೆಯಲ್ಲಿ ಒಬ್ಬರಿಗೆ ಓದಿ ಹೇಳಿ. ಅವರು ನೀವು ಹೇಳಿದ್ದನ್ನು ಮಾತ್ರ, ಹೇಳಿದ ಕ್ರಮದಲ್ಲೇ ಮಾಡಲಿ.

3. ಗಂಟಲಿನ ಅಗಲ ಒಂದು ಮುಕ್ಕಾಲು ಇಂಚು ಎಷ್ಟು ಮಿಲಿಮೀಟರ್?

4. ನಿಮ್ಮ ತಾತ ಅಥವಾ ದೊಡ್ಡಪ್ಪನವರಿಗೆ ಫೋನ್ ಮಾಡಿ, ಅವರ ಮೊದಲ ಸ್ಕೂಟರ್ ಅಥವಾ ಕಾರು ದಾರಿಯಲ್ಲಿ ನಿಂತಾಗ ಏನು ಮಾಡಿದರು ಎಂದು ಕೇಳಿ, ಹತ್ತು ವಾಕ್ಯ ಬರೆದು ತನ್ನಿ. ಇಂಗ್ಲಿಷ್ ಪದ ಬಂದರೆ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆಯಿರಿ, ತಪ್ಪಿಲ್ಲ.